ಮನೆಯವರು ಹೂಂ ಅನ್ನಬೇಕು

ಮೇಷ್ಟ್ರ ಕೆಳತುಟಿಯ ನಟ್ಟನಡುವೆ ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ಕಪ್ಪು ಕಲೆಯಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರವೇ ಅದು ಬೀಡಿಯ ಕಲೆ ಎಂದು ನಾನು ತೀರ್ಮಾನಿಸಿ, ಊಟದ ಹೊತ್ತಿನಲ್ಲಿ ಎಲ್ಲರೆದುರು ಹೇಳಿಯೂ ಬಿಟ್ಟೆ. ಬೀಡಿ ಸೇದುವವರ ತುಟಿ ಪೂರ್ತಿ ಕಪ್ಪಾಗುತ್ತದೆ, ಒಂದೇ ಬಿಂದುವಿನಲ್ಲಿ ಅಲ್ಲ ಎಂದು ಯಾರೋ ಆಕ್ಷೇಪಿಸಿದರು. ಒಂದೇ ಜಾಗದಲ್ಲಿ ಇಟ್ಟು ಸೇದುವವರಿಗೆ ಹಾಗೂ ಆಗಬಹುದು ಎಂದು ನಾನು ವಾದ ಮುಂದುವರಿಸಿದೆ. ಅವರು ಚಪಾತಿ ಮುರಿಯುತ್ತ ಎರಡೂ ಕಡೆಯ ವಾದವನ್ನು ಕೇಳಿಸಿಕೊಂಡು ಕೊನೆಗೆ ಹೇಳಿದರು: "ಬೀಡಿ ಅಲ್ಲ ಮಾರಾಯ್ತಿ, ಇಂಕು."

ಅವರು ಹದಿನಾರನೇ ವಯಸ್ಸಿಗೇ ಭದ್ರಾವತಿಯ ಒಂದು ಫೋಟೋ ಸ್ಟುಡಿಯೋದಲ್ಲಿ ಟಚಪ್ ಕೆಲಸಕ್ಕೆ ಕೂತವರು. ತೊಳೆದು ಒಣಗಿಸಿದ ಫೋಟೋದ ಮೇಲೆ ಬಿಳಿ ಚುಕ್ಕೆ ಉಳಿದಿದ್ದರೆ, ಕೂದಲೆಳೆಯಂಥ ಕುಂಚವನ್ನು ಇಂಕಿಗೆ ಅದ್ದಿ, ತುದಿ ಚೂಪಾಗಲಿ ಎಂದು ತುಟಿಗೆ ತಾಗಿಸಿ, ಚುಕ್ಕೆಯನ್ನು ಮುಚ್ಚಬೇಕು. ಹೀಗೆ ಲಕ್ಷ ಸಲ ತುಟಿಗೆ ತಾಗಿಸಿದ್ದರ ಗುರುತು ಅದು. ನಮ್ಮಲ್ಲಿಗೆ ಬಂದ ಮೇಲೂ ಅವರ ಕೈ ಆ ಅಭ್ಯಾಸ ಬಿಟ್ಟಿರಲಿಲ್ಲ. ಪ್ಲಾಸ್ಟಿಕ್ಕಿನ ಡಿಜಿಟಲ್ ಪೆನ್ನನ್ನೂ ಒಮ್ಮೆ ತುಟಿಗೆ ಒತ್ತಿಕೊಂಡೇ ಪ್ಯಾಡಿನ ಮೇಲೆ ಇಡುತ್ತಿದ್ದರು. ಆ ಪೆನ್ನನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ.

ನಾವೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತಿದ್ದೆವು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಸಿನಿಮಾಗಳಿಗೆ ವಿಎಫ್ಎಕ್ಸ್ ಮಾಡುವ, ಶಿವಮೊಗ್ಗದ ಒಂದು ಟೈಲ್ಸ್ ಅಂಗಡಿಯ ಮಹಡಿಯಲ್ಲಿರುವ, ಹನ್ನೊಂದು ಜನರ ಸ್ಟುಡಿಯೋದಲ್ಲಿ ಎಲ್ಲರಿಗಿಂತ ಮೂವತ್ತು ವರ್ಷ ದೊಡ್ಡವರಾಗಿದ್ದರು, ಅಷ್ಟೇ. ವಿಎಫ್ಎಕ್ಸ್ ಅಂದ ಕೂಡಲೇ ನೆಂಟರೆಲ್ಲ ಬೆಂಕಿ ಉಗುಳುವ ಡ್ರ್ಯಾಗನ್ನನ್ನೋ ಆಕಾಶದಲ್ಲಿ ಹಾರುವ ಕೋಟೆಯನ್ನೋ ಊಹಿಸಿಕೊಳ್ಳುತ್ತಾರೆ. ಅಂಥವನ್ನು ಮಾಡುವವರು ಬೇರೆ. ನಮ್ಮದು ಅಳಿಸುವ ಕೆಲಸ. ನಾಯಕನನ್ನು ಎತ್ತಿ ಹಿಡಿದ ತಂತಿ, ರಾಜರ ಕಾಲದ ಬೀದಿಯ ಹಿಂದೆ ಕಂಡುಬಿಟ್ಟ ಮೊಬೈಲ್ ಟವರ್, ನಾಯಕಿಯ ಕೆನ್ನೆಯ ಮೊಡವೆ. ಬೆಂಗಳೂರಿನ ದೊಡ್ಡ ಸ್ಟುಡಿಯೋ ಒಪ್ಪಿಕೊಂಡ ಕೆಲಸದಲ್ಲಿ ಬೇಜಾರಿನ ಪಾಲು ನಮಗೆ ಬರುತ್ತದೆ. ನಾವು ಚೆನ್ನಾಗಿ ಮಾಡಿದರೆ ಮಾಡಿದ್ದೇ ಕಾಣುವುದಿಲ್ಲ ಎಂದು ಈ ವೃತ್ತಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅದರಲ್ಲಿ ಹೆಮ್ಮೆ ಪಡುವಂಥದ್ದು ಏನಿದೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ನಾನು ಅಲ್ಲಿ ಚಿತ್ರ ತಿದ್ದುವವಳಲ್ಲ, ಮಾತಾಡುವವಳು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳನ್ನು ಕಂಡೇ ಓನರ್ ನನ್ನನ್ನು ಸೇರಿಸಿಕೊಂಡಿದ್ದರು. ಬೆಂಗಳೂರಿನವರು ಕಾಲ್ ಮಾಡಿ ಇದು ಸರಿಯಿಲ್ಲ, ಅದು ತಡವಾಯಿತು ಎಂದಾಗ ಉತ್ತರ ಕೊಡುವುದು ನನ್ನ ಕೆಲಸ. ಆ ತಡಕ್ಕೆ ಮುಕ್ಕಾಲು ಪಾಲು ಕಾರಣ ಮೇಷ್ಟ್ರೇ ಆಗಿರುತ್ತಿದ್ದರು. ಸಾಫ್ಟ್‌ವೇರು ಒಂದು ಗುಂಡಿ ಒತ್ತಿದರೆ ಮಾಡುವುದನ್ನು ಅವರು ಒಂದೊಂದೇ ಫ್ರೇಮಿನಂತೆ ಕೈಯಲ್ಲೇ ಮಾಡುತ್ತ ಕೂರುತ್ತಿದ್ದರು. ಹೋಗಿ ಜಗಳ ತೆಗೆದರೆ ಜಗಳಕ್ಕೂ ಸಿಗುತ್ತಿರಲಿಲ್ಲ. "ಆಯ್ತು ಲಾಯರಮ್ಮ, ನೀನೇ ಗೆದ್ದೆ. ಈಗ ಇದನ್ನ ನೋಡು," ಎಂದು ಪರದೆಯನ್ನು ನನ್ನತ್ತ ತಿರುಗಿಸುತ್ತಿದ್ದರು. ನೋಡಿದರೆ ಅವರ ಕೈಯದೇ ಚೆನ್ನಾಗಿರುತ್ತಿತ್ತು. ಇದಕ್ಕಿಂತ ಸಿಟ್ಟು ಬರಿಸುವ ಸೋಲು ಇನ್ನೊಂದಿಲ್ಲ.

ಭದ್ರಾವತಿಯ ಸ್ಟುಡಿಯೋದಲ್ಲಿ ಅವರು ಮಾಡುತ್ತಿದ್ದ ಇನ್ನೊಂದು ಕೆಲಸದ ಬಗ್ಗೆ ನನಗೆ ಗೊತ್ತಾದದ್ದು ನಿಧಾನವಾಗಿ. ಅಲ್ಲಿನ ಕಾರ್ಖಾನೆ ಕ್ವಾರ್ಟರ್ಸುಗಳಲ್ಲಿ ಬದುಕಿದ್ದಾಗ ಫೋಟೋ ತೆಗೆಸಿಕೊಳ್ಳದೇ ಸತ್ತವರು ಬಹಳ. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ ಒಂದು ಫೋಟೋ ತೆಗೆಸಿ, ತಿಥಿಯ ಹೊತ್ತಿಗೆ ಅದರಲ್ಲಿ ಕಣ್ಣು ತೆರೆಸಿ ಕೊಡಿ ಎಂದು ಮನೆಯವರು ಕೇಳುತ್ತಿದ್ದರು. ಮೇಷ್ಟ್ರ ಹತ್ತಿರ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅದರ ತುಂಬ, ಯಾರೂ ಒಯ್ಯದೆ ಉಳಿದ ಫೋಟೋಗಳಿಂದ ಕತ್ತರಿಸಿದ ಕಣ್ಣುಗಳು. ಗಂಡಸರದು, ಹೆಂಗಸರದು, ಮುದುಕರದು ಎಂದು ಬೇರೆ ಬೇರೆ ಕವರು. ಹೊಂದುವ ಜೋಡಿಯನ್ನು ಅಂಟಿಸಿ, ಮತ್ತೆ ಫೋಟೋ ತೆಗೆದು, ಅಂಚುಗಳನ್ನು ಕುಂಚದಿಂದ ಮುಚ್ಚಿಬಿಟ್ಟರೆ ಸತ್ತವರು ಎದ್ದು ಕೂತಂತೆ.

"ಒಂದ್ಸಲ ಒಬ್ಬಳು ಹುಡುಗಿ ಬಂದ್ಲು. ತಮಿಳ್ನೋರು. ಅಪ್ಪ ಕಾರ್ಖಾನೆ ಫರ್ನೇಸಲ್ಲಿ ಕೆಲಸಕ್ಕಿದ್ದೋರು," ಎಂದು ಅವರು ಹೇಳಿದ್ದರು. "ಫೋಟೋ ಕೈಗೆ ಕೊಟ್ಟೆ. ತುಂಬಾ ಹೊತ್ತು ನೋಡಿದ್ಲು. ಆಮೇಲೆ, ಅಣ್ಣಾ, ನಮ್ಮಪ್ಪನ ಮುಖದೊಳಗೆ ಬೇರೆ ಯಾರೋ ಕೂತ್ಕೊಂಡು ನನ್ನ ನೋಡ್ತಿದಾರೆ ಅಂದ್ಲು. ಫೋಟೋನ ಅಲ್ಲೇ ಬಿಟ್ಟು ಹೋದ್ಲು."

"ಆಮೇಲೆ?"

"ಆಮೇಲೆ ಇನ್ನೇನು, ಡಬ್ಬೀಲಿದ್ದಿದ್ದನ್ನೆಲ್ಲ ಬಚ್ಚಲೊಲೆಗೆ ಹಾಕ್ದೆ. ಅಲ್ಲಿಂದ ಕೈಯಲ್ಲೇ ಬರೀತಿದ್ದೆ. ಮನೆಯವರು ಯಾರಾದ್ರೂ ಪಕ್ಕದಲ್ಲಿ ಕೂರಬೇಕು. ಹೀಗಾ, ಇನ್ನೂ ಸಣ್ಣದಾ, ರೆಪ್ಪೆ ಇಷ್ಟು ಇಳೀತಿತ್ತಾ ಅಂತ ಕೇಳ್ತಾ ಬರೆಯೋದು. ಅವರು ಹೂಂ ಅನ್ನಬೇಕು. ಅನ್ನೋವರೆಗೂ ಫೋಟೋ ಕೈಗೆ ಕೊಡ್ತಿರಲಿಲ್ಲ."

ಮನೆಯವರ ನೆನಪೂ ತಪ್ಪಿರಬಹುದಲ್ಲ, ಅದು ಪ್ರಮಾಣ ಹೇಗಾಗುತ್ತದೆ ಎಂದು ನಾನು ಕೇಳಿದೆ. "ತಪ್ಪಿದ್ರೆ ತಪ್ಪಿರಲಿ. ಫೋಟೋ ನೇತು ಹಾಕ್ಕೊಳೋದು ಅವರ ಗೋಡೇಲಿ ತಾನೇ?" ಎಂದರು. ಇದು ನನ್ನ ಪ್ರಶ್ನೆಗೆ ಉತ್ತರವಲ್ಲ ಎಂದೆ. ಅಲ್ಲ ಎಂದು ಅವರೂ ಒಪ್ಪಿದರು.

ಹೀಗಿರುವಾಗ ಆ ಶಾಟು ಬಂತು.

ನಾಟಕ ಕಂಪನಿಯಿಂದ ಸಿನಿಮಾಕ್ಕೆ ಬಂದು, ನಾಯಕನ ತಂದೆ, ಊರ ಗೌಡ, ಪುರೋಹಿತ ಇಂಥ ಪಾತ್ರಗಳನ್ನೇ ಜೀವನವಿಡೀ ಮಾಡಿದ ಹಿರಿಯ ನಟರೊಬ್ಬರು ಚಿತ್ರೀಕರಣದ ನಡುವೆ ತೀರಿಕೊಂಡಿದ್ದರು. ಅವರ ಒಂದು ದೃಶ್ಯ ಬಾಕಿಯಿತ್ತು. ಮಗ ತನ್ನ ತಪ್ಪು ಒಪ್ಪಿಕೊಳ್ಳುತ್ತಿದ್ದಾನೆ, ತಂದೆ ಕಟ್ಟೆಯ ಮೇಲೆ ಕೂತು ಸುಮ್ಮನೆ ಕೇಳುತ್ತಿದ್ದಾರೆ. ಆರು ಸೆಕೆಂಡು, ಮಾತಿಲ್ಲ. ಅವರದೇ ಮೈಕಟ್ಟಿನ ಇನ್ನೊಬ್ಬರನ್ನು ಕೂರಿಸಿ ಚಿತ್ರೀಕರಿಸಿಕೊಂಡು ಬಂದಿದ್ದರು. ಹಳೆಯ ದೃಶ್ಯಗಳಿಂದ ನಟರ ಮುಖ ತೆಗೆದು ಆ ಮೈಗೆ ಕೂರಿಸುವುದು ನಮ್ಮ ಪಾಲಿಗೆ ಬಂತು. ಅದು ಮೇಷ್ಟ್ರ ಕೈಗೆ ಹೋಯಿತು.

ಹತ್ತು ದಿನದಲ್ಲಿ ಮುಗಿಸಿದರು. ಬೆಂಗಳೂರಿನವರು ನೋಡಿ ಒಂದೇ ಏಟಿಗೆ ಅಪ್ರೂವ್ ಮಾಡಿದರು. ಸ್ಟುಡಿಯೋದಲ್ಲಿ ಬೇಕರಿಯಿಂದ ಪಪ್ಸ್ ತರಿಸಿ ತಿಂದೆವು. ಮೇಷ್ಟ್ರು ಮಾತ್ರ ಪಪ್ಸ್ ಕೈಯಲ್ಲಿ ಹಿಡಿದುಕೊಂಡೇ ಆ ಆರು ಸೆಕೆಂಡನ್ನು ಮತ್ತೆ ಮತ್ತೆ ಓಡಿಸುತ್ತಿದ್ದರು.

"ಸರಿಯಿಲ್ಲ ಇದು."

"ಅಪ್ರೂವ್ ಆಗಿದೆ ಮೇಷ್ಟ್ರೇ."

"ಆಗಿದೆ. ಆದ್ರೆ ನಟನೆ ಮಾಡೋ ಮುಖ ಇದು. ಹಳೇ ಸಿನಿಮಾದಿಂದ ತೆಗೆದಿದ್ದಲ್ವಾ? ಸುಮ್ನೆ ಕೂತು ಕೇಳೋ ಮುಖ ಅಲ್ಲ. ಮನೆಯವರನ್ನ ಕೇಳಬೇಕು." ಪಪ್ಸ್ ಬದಿಗಿಟ್ಟು ಸೇರಿಸಿದರು: "ಅವರ ಮನೆ ಆಲ್ಕೊಳದಲ್ಲೇ ಇದೆ. ಸಿಟಿ ಬಸ್ಸಿಗೆ ಹತ್ತು ನಿಮಿಷ."

ನಾನು ಒಪ್ಪಂದದ ಪ್ರತಿಯನ್ನು ತಂದು ಅವರ ಮುಂದಿಟ್ಟೆ. ಚಿತ್ರದ ಯಾವ ಭಾಗವನ್ನೂ ಯಾವುದೇ ರೂಪದಲ್ಲಿ ಹೊರಗಿನವರಿಗೆ ತೋರಿಸುವಂತಿಲ್ಲ. ನಟರ ಮಗನಿಂದ ಅನುಮತಿಯ ಸಹಿ ಆಗಲೇ ಆಗಿದೆ. ಕಾನೂನಿನ ಪ್ರಕಾರ ಮನೆಯವರು ಹೂಂ ಅಂದಾಗಿದೆ.

"ಮಗ ಕಾಗದಕ್ಕೆ ಹೂಂ ಅಂದಿದಾನೆ. ಮುಖ ನೋಡಿದಾನಾ?"

"ನೋಡಬೇಕಾಗಿಲ್ಲ."

"ಸರಿ, ಶಾಟ್ ತೋರ್ಸೋದು ಬೇಡ. ನಾನು ನೆನಪಿಂದ ಒಂದು ಚಿತ್ರ ಬರೀತೀನಿ. ಪೆನ್ಸಿಲ್ ನಂದು, ಕಾಗದ ನಂದು, ನೆನಪು ನಂದು."

"ನೆನಪಲ್ಲಿರೋ ಶಾಟ್ ಅವರದು. ಯಾವುದೇ ರೂಪದಲ್ಲಿ ಅಂದ್ರೆ ಪೆನ್ಸಿಲ್ಲೂ ಬಂತು."

"ಆಯ್ತು ಲಾಯರಮ್ಮ, ನೀನೇ ಗೆದ್ದೆ. ಭಾನುವಾರ ಬಸ್ಸಿಗೆ ಬರ್ತೀಯೋ, ಮನೇಲೇ ಇರ್ತೀಯೋ?"

ನಾನು ಹೋದೆ. ತಡೆಯಲು ಹೋದೆ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಆಲ್ಕೊಳ ಸರ್ಕಲ್ಲಿನಲ್ಲಿ ಇಳಿದು ಎರಡು ತಿರುವು ದಾಟಿದರೆ ಅವರ ಮನೆ. ನಟರ ಪತ್ನಿ ಬಾಗಿಲು ತೆರೆದರು. ಎಪ್ಪತ್ತರ ಆಸುಪಾಸು, ಕೈಯಲ್ಲಿ ಅರ್ಧ ಬಿಡಿಸಿದ ಅವರೆಕಾಳು. ಮೇಷ್ಟ್ರು, "ನಿಮ್ಮನೆಯವರ ಅಭಿಮಾನಿ ಅಮ್ಮ, ಒಂದು ಚಿತ್ರ ಬರೆದಿದೀನಿ, ಸರಿ ಇದ್ಯಾ ನೋಡಿ ಹೇಳ್ಬೇಕು," ಎಂದಷ್ಟೇ ಹೇಳಿದರು. ಸುಳ್ಳೇನೂ ಅಲ್ಲ. ಒಳ್ಳೆಯ ವಕೀಲರಾಗುತ್ತಿದ್ದರು ಎನ್ನಿಸಿತು.

ಆಕೆ ಕನ್ನಡಕ ಹಾಕಿಕೊಂಡು ನೋಡಿದರು. "ಚೆನ್ನಾಗಿ ಬರೆದಿದೀರಿ. ಕಂಪನಿ ಕ್ಯಾಲೆಂಡರ್‌ಗೆ ಹಾಕಬಹುದು."

"ಅಂದ್ರೆ ಸರಿಯಿಲ್ಲ."

"ಅಯ್ಯೋ, ಹಾಗಲ್ಲ..."

"ಹಾಗೇ ಹೇಳಿ ಅಮ್ಮ. ಯಾರಾದ್ರೂ ಎದುರು ಕೂತು ಮಾತಾಡ್ತಿದ್ರೆ ಇವರು ಹೇಗೆ ಕೇಳ್ತಿದ್ರು?"

ಆಕೆ ಅವರೆಕಾಳಿನ ಮೊರವನ್ನು ಬದಿಗಿಟ್ಟರು. "ಇವರಿಗೆ ಬಲಗಿವಿ ಕೇಳ್ತಿರಲಿಲ್ಲ ಕಣ್ರೀ. ಕಂಪನೀಲಿ ಹಾರ್ಮೋನಿಯಂ ಪಕ್ಕ ನಿಂತೂ ನಿಂತೂ ಹಾಗಾಯ್ತು ಅನ್ನೋರು. ಸಿನಿಮಾದೋರಿಗೆ ಗೊತ್ತಾದ್ರೆ ಪಾರ್ಟ್ ಕೊಡಲ್ಲ ಅಂತ ಕ್ಯಾಮೆರಾ ಮುಂದೆ ನೆಟ್ಟಗೆ ಕೂರ್ತಿದ್ರು, ಎದುರಿನವರ ತುಟಿ ನೋಡ್ಕೊಂಡು. ಮನೇಲಿ ಹಾಗಲ್ಲ. ಹೀಗೆ ಎಡಗಿವಿ ಕೊಡೋರು." ಆಕೆ ತಲೆಯನ್ನು ಬಲಕ್ಕೆ ತುಸು ತಿರುಗಿಸಿ, ಗದ್ದ ಇಳಿಸಿ ತೋರಿಸಿದರು. "ಕಣ್ಣು ಮಾತ್ರ ನೆಲದ ಮೇಲೆ. ನೋಡಿದೋರು ಇವರು ಕೇಳ್ತಾನೇ ಇಲ್ಲ ಅಂದ್ಕೋಬೇಕು. ಮಗನ ಜೊತೆ ಅದಕ್ಕೇ ಜಗಳ ಆಗ್ತಿತ್ತು. ಅಪ್ಪ ನನ್ನ ಮುಖ ನೋಡಲ್ಲ ಅಂತ."

ಮೇಷ್ಟ್ರು ಚೀಲದಿಂದ ರಬ್ಬರು ತೆಗೆದು ಆಕೆಯ ಪಕ್ಕ ನೆಲದ ಮೇಲೇ ಕೂತರು. ಅಳಿಸಿದರು, ಬರೆದರು. ಇಷ್ಟಾ? ಇನ್ನೂ ಸ್ವಲ್ಪ. ರೆಪ್ಪೆ? ಹಾಂ, ಅಲ್ಲಿ ಮಡಿಕೆ ಬೀಳ್ತಿತ್ತು. ಒಂದು ಗಂಟೆಯ ಮೇಲಾಯಿತು. ನಾನು ಅವರೆಕಾಳು ಬಿಡಿಸಿದೆ. ಕೊನೆಗೆ ಆಕೆ ಹಾಳೆಯನ್ನು ಕೈಯಲ್ಲಿ ಹಿಡಿದು ದೂರಕ್ಕೆ ಚಾಚಿ ನೋಡಿದರು.

"ಹೂಂ," ಎಂದರು. "ಈಗ ಮಾತಾಡಿಸಬಹುದು."

ಮೇಷ್ಟ್ರು ಮುಂದಿನ ಎಂಟು ದಿನ ಊಟವನ್ನೂ ಪರದೆಯ ಮುಂದೆಯೇ ಮಾಡಿದರು. ಆ ತಿರುವಿನ ಮುಖ ಯಾವ ಹಳೆಯ ಸಿನಿಮಾದಲ್ಲೂ ಇರಲಿಲ್ಲವಾದ್ದರಿಂದ, ಇದ್ದ ಮುಖವನ್ನೇ ತಿರುಗಿಸಿ, ಕುತ್ತಿಗೆಯ ನರ, ರೆಪ್ಪೆಯ ಮಡಿಕೆ, ಕಿವಿಯ ಹಿಂದಿನ ನೆರಳು ಎಲ್ಲವನ್ನೂ ಫ್ರೇಮು ಫ್ರೇಮಿಗೆ ಕೈಯಲ್ಲಿ ಬರೆದರು. ಸೆಕೆಂಡಿಗೆ ಇಪ್ಪತ್ತನಾಲ್ಕು ಫ್ರೇಮು. ಮುಗಿದ ಮೇಲೆ ನನ್ನನ್ನು ಕರೆದು ಓಡಿಸಿದರು. ಹಳೆಯದರಲ್ಲಿ ಒಬ್ಬ ನಟ ಕೇಳುತ್ತಿದ್ದ. ಇದರಲ್ಲಿ ಒಬ್ಬ ಅಪ್ಪ ಕೇಳುತ್ತಿದ್ದರು. ಮಗನ ಮುಖವನ್ನು ನೋಡುವ ಧೈರ್ಯ ಅವರಿಗೂ ಇರಲಿಲ್ಲ.

ಆದರೆ ಅಪ್ರೂವ್ ಆದ ಶಾಟನ್ನು ಮುಟ್ಟುವುದು ನಮ್ಮ ವೃತ್ತಿಯಲ್ಲಿ ದೊಡ್ಡ ಅಪರಾಧ. ಹೊಸದನ್ನು ಕಳಿಸುವ ಮುಂಚೆ ಮೇಷ್ಟ್ರು ನನ್ನನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ ಹೇಳಿದರು: "ಏನು ಕೇಳಿದ್ರೂ, ನಮ್ಮ ಮುದುಕನಿಗೆ ಹಾಗನ್ನಿಸ್ತು ಅಂತ ಹೇಳು. ಅಷ್ಟೇ. ಬೇಡ ಅಂದ್ರೆ ಹಳೇದು ಇಟ್ಕೊಳ್ಳಲಿ. ನೋಡಿದ್ರೆ ಬೇಡ ಅನ್ನಲ್ಲ ಅವರು. ನೀನು ವಾದ ಮಾಡಬೇಡ ಮಾರಾಯ್ತಿ, ಕೈ ಮುಗೀತೀನಿ."

ಕಾಲ್ ಬಂತು. ಆ ಕಡೆ ಬೆಂಗಳೂರಿನ ಸೂಪರ್‌ವೈಸರ್. ಓನರ್ ಕೂಡ ಲೈನಿನಲ್ಲಿದ್ದರು.

"ಅಪ್ರೂವ್ ಆಗಿದ್ದನ್ನ ಯಾಕ್ರೀ ಮುಟ್ಟಿದ್ರಿ?"

"ನಮ್ಮ ಸೀನಿಯರ್ ಆರ್ಟಿಸ್ಟ್‌ಗೆ ಹೀಗಿದ್ರೆ ಚೆನ್ನಾಗಿರುತ್ತೆ ಅನ್ನಿಸ್ತು ಸರ್."

"ಅನ್ನಿಸ್ತಾ? ಆರ್ಟಿಸ್ಟ್‌ಗಳಿಗೆ ದಿನಾ ಏನೇನೋ ಅನ್ಸುತ್ತೆ." ಮೌಸಿನ ಸದ್ದು ಕೇಳಿಸಿತು. ಓಡಿಸಿ ನೋಡುತ್ತಿದ್ದರು ಅಂತ ಕಾಣುತ್ತದೆ. ದನಿ ಇಳಿಯಿತು. "ಚೆನ್ನಾಗಿಲ್ಲ ಅಂತಲ್ಲ. ಆದ್ರೆ ಅವರು ಯಾವ ಪಿಕ್ಚರಲ್ಲೂ ಹೀಗೆ ಕೂತಿಲ್ವಲ್ರೀ. ಹೀಗೆ ಕೂರ್ತಿದ್ರು ಅನ್ನೋಕೆ ಏನು ಆಧಾರ?"

ಆ ಮನುಷ್ಯ ಅರ್ಧ ಒಪ್ಪಿಯಾಗಿತ್ತು. ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ಆಧಾರ ಕೇಳಿದರು, ನನ್ನ ಬಳಿ ಆಧಾರ ಇತ್ತು. ಅದೂ ಎಂಥ ಆಧಾರ, ಯಾವ ತೀರ್ಪುಗಾರರೂ ತಳ್ಳಿಹಾಕಲಾರದಂಥದ್ದು.

"ಅವರ ಹೆಂಡತಿಯನ್ನೇ ಕೇಳಿ ಮಾಡಿದ್ದು ಸರ್," ಎಂದೆ.

ಆ ಕಡೆ ಮೌನ. ಎದುರಾಳಿಗೆ ಮಾತು ಸಿಗದಾಗ ಆಗುವ ಮೌನ ಅದು ಎಂದುಕೊಂಡು ನಾನು ಖುಷಿಪಟ್ಟೆ. ಎರಡು ಮೂರು ಸೆಕೆಂಡು ನಿಜವಾಗಿ ಖುಷಿಪಟ್ಟೆ. ಗಾಜಿನ ಆಚೆ ಮೇಷ್ಟ್ರು ಪೆನ್ನನ್ನು ಕೆಳಗಿಡುವುದು ಕಂಡಿತು.

ಮಧ್ಯಾಹ್ನದೊಳಗೆ ಆ ಚಿತ್ರದ ಕೆಲಸವನ್ನೆಲ್ಲ ವಾಪಸ್ ತೆಗೆದುಕೊಂಡರು. ಗುಟ್ಟು ಹೊರಗೆ ಹೋಯಿತು, ಆಯಮ್ಮ ನಾಳೆ ಟೀವಿಯವರ ಮುಂದೆ ಕೂತರೆ ಯಾರು ಹೊಣೆ ಎಂದು ಕೂಗಾಡಿದರಂತೆ. ಓನರ್ ನಮ್ಮಿಬ್ಬರನ್ನೂ ಒಳಗೆ ಕರೆದರು.

"ಯಾರ್ಯಾರು ಹೋಗಿದ್ರಿ ಅಲ್ಲಿಗೆ?"

"ನಾನೊಬ್ಬನೇ," ಎಂದರು ಮೇಷ್ಟ್ರು. "ಇವಳಿಗೆ ಆಮೇಲೆ ಹೇಳ್ದೆ. ಶಾಟ್ ಮುಟ್ಟೋದು ಬೇಡ ಅಂತಾನೇ ಹೇಳಿದ್ಲು, ಒಪ್ಪಂದ ಎಲ್ಲ ತೋರ್ಸಿದ್ಲು. ನಾನೇ ಕೇಳಲಿಲ್ಲ."

ನಾನೂ ಹೋಗಿದ್ದೆ ಎನ್ನಲು ಎರಡು ಪದ ಸಾಕಿತ್ತು. ವೇದಿಕೆಯ ಮೇಲೆ ಒಮ್ಮೆಯೂ ಮಾತಿಗೆ ತಡವರಿಸದ ನಾನು ಓನರ್ ಮೇಜಿನ ಮೇಲಿದ್ದ ಪೇಪರ್‌ವೇಟನ್ನು ನೋಡುತ್ತ ನಿಂತಿದ್ದೆ. ಓನರ್ ಮೇಷ್ಟ್ರನ್ನು ಕೆಲಸದಿಂದ ತೆಗೆದರು. ಸಂಜೆ ಮೇಷ್ಟ್ರು ಟಿಫಿನ್ ಡಬ್ಬಿಯನ್ನೂ ತಮ್ಮ ಪೆನ್ನನ್ನೂ ಚೀಲಕ್ಕೆ ಹಾಕಿಕೊಂಡು ಭದ್ರಾವತಿ ಬಸ್ಸು ಹತ್ತಿದರು. ಕೆಲಸ ವಾಪಸ್ ಹೋದ ಮೇಲೆ ನಮ್ಮ ಕಡೆ ಏನೂ ಉಳಿದಿಲ್ಲ ಎಂದು ಬರೆದುಕೊಡಬೇಕು, ಅದು ನಿಯಮ. ಆ ಆರು ಸೆಕೆಂಡನ್ನು ನಾನೇ ಅಳಿಸಿ, ಅಳಿಸಿದೆ ಎಂದು ಸಹಿ ಹಾಕಿ ಕಳಿಸಿದೆ.

ಚಿತ್ರ ಬಿಡುಗಡೆಯಾದಾಗ ಮೊದಲ ದಿನವೇ ಹೋಗಿ ನೋಡಿದೆ. ಹಳೆಯ ಮುಖವನ್ನೇ ಹಾಕಿದ್ದರು. ನಟರು ನೆಟ್ಟಗೆ ಕೂತು ಮಗನನ್ನು ದಿಟ್ಟಿಸುತ್ತಿದ್ದರು. ನನ್ನ ಪಕ್ಕದವರು ಕಣ್ಣು ಒರೆಸಿಕೊಂಡರು. ಅದು ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸಿತು.

ಮರುವಾರ ಭದ್ರಾವತಿಯ ಜನ್ನಾಪುರದಲ್ಲಿದ್ದ ಮೇಷ್ಟ್ರ ಮನೆಗೆ ಹೋದೆ. ಅವರಿಗೆ ಆಗಲೇ ಎದೆಯ ತೊಂದರೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಥಿಯೇಟರಿಗೆ ಹೋಗಿರಲಿಲ್ಲ.

"ಯಾವುದು ಹಾಕಿದಾರೆ?"

"ಹಳೇದು."

"ನಮ್ಮದು ಇಟ್ಕೊಂಡಿದೀಯಾ?"

"ಅಳಿಸ್ಬಿಟ್ಟೆ ಮೇಷ್ಟ್ರೇ. ನಾನೇ."

"ಸರಿಯಾಗಿ ಅಳಿಸಿದ್ಯಾ? ಅಂಚು ಗಿಂಚು ಉಳೀಲಿಲ್ಲ ತಾನೇ?" ಎಂದು ನಗಲು ಹೋಗಿ ಕೆಮ್ಮಿದರು.

"ಅವತ್ತು ಓನರ್ ಮುಂದೆ ನಾನು ಬಾಯಿ ಬಿಡಬೇಕಿತ್ತು," ಎಂದೆ.

"ಬಾಯಿ ಬಿಟ್ಟಿದ್ದಕ್ಕೇ ಅಲ್ವೇನೇ ಇಷ್ಟೆಲ್ಲ ಆಗಿದ್ದು!" ಒಳಗಿದ್ದ ಅವರ ಹೆಂಡತಿಗೂ ಕೇಳುವಂತೆ ಜೋರಾಗಿ ಹೇಳಿದರು. ಆಮೇಲೆ ನನ್ನ ಮುಖ ನೋಡಿ ದನಿ ಇಳಿಸಿದರು. "ಆಯಮ್ಮ ಹೂಂ ಅಂದ್ರಲ್ಲ. ನನ್ನ ಕೆಲಸ ಅಲ್ಲಿಗೆ ಮುಗೀತು ಬಿಡು."

ಮುಗಿಯಲಿಲ್ಲ ಎಂದು ನಾನು ಅವರೊಂದಿಗೆ ಜಗಳವಾಡಿದೆ. ಆಕೆ ಹೂಂ ಅಂದದ್ದು ಒಂದು ಹಾಳೆಗೆ, ಸಿನಿಮಾಕ್ಕಲ್ಲ. ಥಿಯೇಟರಿನಲ್ಲಿ ಕೂತ ಜನಕ್ಕೆಲ್ಲ ತಪ್ಪು ಮುಖ ಹೋಯಿತು, ನಾಳೆ ಆ ಮಗನಿಗೂ ಅದೇ ನೆನಪಾಗಿ ಉಳಿಯುತ್ತದೆ, ಸರಿಯಾದದ್ದನ್ನು ನೋಡಿದ್ದು ನಾಲ್ಕೇ ಜನ, ಇದನ್ನು ಮುಗಿಯಿತು ಅನ್ನುವುದು ಸೋಲನ್ನು ಮುಚ್ಚಿಕೊಳ್ಳುವ ಉಪಾಯ ಎಂದೆಲ್ಲ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ನೀನೇ ಗೆದ್ದೆ ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ನಿದ್ದೆ ಬಂದಿತ್ತು.

ಎರಡು ತಿಂಗಳಿಗೆ ಅವರ ಮಗಳು ಫೋನ್ ಮಾಡಿ, ಅಪ್ಪ ಹೋದರು ಎಂದಳು. ಅಂತ್ಯಕ್ರಿಯೆ ಮುಗಿಸಿ ಜನ್ನಾಪುರದಿಂದ ಮರಳಿದ ಮರುದಿನ ಬೆಳಿಗ್ಗೆ ನಾನು ನೇರ ಓನರ್ ಕೋಣೆಗೆ ಹೋಗಿ, ಬಾಗಿಲು ಮುಚ್ಚಿ, "ಅವತ್ತು ಆಲ್ಕೊಳಕ್ಕೆ ನಾನೂ ಹೋಗಿದ್ದೆ ಸರ್," ಎಂದೆ.

ಅವರು ಲ್ಯಾಪ್‌ಟಾಪಿನಿಂದ ಮುಖವೆತ್ತಲಿಲ್ಲ. "ಗೊತ್ತು."

"ಗೊತ್ತಾ?"

"ಅವತ್ತೇ ಗೊತ್ತಿತ್ತು. ನಿನ್ನ ಮುಖ ನೋಡಿದ್ರೆ ಯಾರಿಗಾದ್ರೂ ಗೊತ್ತಾಗ್ತಿತ್ತು. ಏನು ಮಾಡ್ಲಿ ಮಾರಾಯ್ತಿ, ಇಬ್ಬರನ್ನೂ ಕಳಿಸೋಕೆ ಆಗ್ತಿತ್ತಾ? ಕಾಲ್‌ಗೆ ಯಾರು ಕೂರ್ತಿದ್ರು?" ಆಮೇಲೆ ತಲೆಯೆತ್ತಿದರು. "ಹನ್ನೊಂದಕ್ಕೆ ಬೆಂಗಳೂರಿನೋರು ಇದಾರೆ. ರೆಡಿ ಮಾಡ್ಕೋ."

ಹನ್ನೊಂದಕ್ಕೆ ಬೆಂಗಳೂರಿನವರು ಲೈನಿಗೆ ಬಂದರು. ಯಾವುದೋ ಹೊಡೆದಾಟದ ಶಾಟಿನಲ್ಲಿ ನಾಯಕನ ಬೆನ್ನ ಹಿಂದೆ ತಂತಿಯ ಎಳೆ ಉಳಿದಿದೆ ಎಂದರು. ನಿಜವಾಗಿ ಉಳಿದಿತ್ತು. ಮೇಷ್ಟ್ರು ಹೋದ ಮೇಲೆ ನಮ್ಮಲ್ಲಿ ಎಳೆಗಳು ಉಳಿಯುತ್ತವೆ. ಅದು ತಂತಿಯಲ್ಲ, ಹಿಂದಿನ ಗೋಡೆಯ ಬಿರುಕು ಎಂದು ನಾನು ಇಪ್ಪತ್ತು ನಿಮಿಷ ವಾದಿಸಿದೆ.

ಒಪ್ಪಿಕೊಂಡರು.